ಮಜ್ಜಿಗೆಹುಲ್ಲಿನ ಹಂಡೆಯಲ್ಲಿ ಲ್ಯಾವೆಂಡರ್ ಎಣ್ಣೆ

ಬದಿಯಡ್ಕದ ಸೆಕೆಗೆ ಲ್ಯಾವೆಂಡರ್ ಬೆಳೆಯುವುದಿಲ್ಲ, ಅದು ನನಗೂ ಗೊತ್ತು. ಎಣ್ಣೆ ತೆಗೆಯಲು ನಾನು ತರಿಸಿದ್ದು ಜಮ್ಮುವಿನ ಭದರ್ವಾ ಕಡೆಯ ಒಣಹೂ. ಹತ್ತು ಕೆಜಿಗೆ ಸಾಗಾಟ ಸೇರಿ 9 ಸಾವಿರದ ಹತ್ತಿರ ಆಯಿತು. "ಅದೆಲ್ಲ ಕಾಶ್ಮೀರದವರ ಕೆಲಸ ಭಾವ, ನಿಮಗೆ ಅಡಿಕೆ ಸಾಲದಾ?" ಅಂತ ಪಕ್ಕದ ತೋಟದ ಭಾವ ನಕ್ಕಿದ್ದರು.

ಮೊದಲ ಸಲ ಅವರು ನಕ್ಕಿದ್ದೇ ಸರಿಯಾಯಿತು. ಮಜ್ಜಿಗೆಹುಲ್ಲಿನ ಎಣ್ಣೆ ತೆಗೆಯುವ ಹಾಗೆ ಹಂಡೆಯ ನೀರಿಗೇ ಐದು ಕೆಜಿ ಹೂ ಸುರಿದೆ. ಮಡಲು, ಗೆರಟೆ ಒಟ್ಟಿ ಮೂರು ಗಂಟೆ ಕುದಿಸಿದೆ. ಎಣ್ಣೆ ಬಂತು, 60 ಮಿಲಿ ಇದ್ದೀತು. ಪರಿಮಳ ಮಾತ್ರ ಸಪ್ಪೆ. ಹಂಡೆಯ ತಳದ ನೀರಿಗೆ ಹುಳಿ ನೋಡುವ ಪಿಎಚ್ ಪಟ್ಟಿ ಅದ್ದಿದರೆ ಕೆಂಪಗಾಯಿತು. ಎರಡೂವರೆ ಸಾವಿರ ಕೊಟ್ಟು ಜಿಸಿ, ಅಂದರೆ ಎಣ್ಣೆಯಲ್ಲಿ ಯಾವ ಅಂಶ ಎಷ್ಟಿದೆ ಅನ್ನುವ ಟೆಸ್ಟ್, ಮಾಡಿಸಿದೆ: ಪರಿಮಳದ ಎರಡು ಮುಖ್ಯ ಅಂಶಗಳಲ್ಲಿ ಲಿನಲೂಲ್ ಶೇಕಡಾ 45ರ ಮೇಲೆ, ಲಿನಾಲಿಲ್ ಅಸಿಟೇಟ್ ಬರೀ 14. ಈ ಅಸಿಟೇಟ್ 25ಕ್ಕಿಂತ ಕೆಳಗಿಳಿದರೆ ತೆಗೆದುಕೊಳ್ಳುವವರು ಮೂಗು ಮುರಿಯುತ್ತಾರೆ. ಆ ಮೆತ್ತಗಿನ ಹಣ್ಣಿನಂಥ ಪರಿಮಳ ಇರುವುದೇ ಅದರಲ್ಲಿ. ಬಿಸಿನೀರಲ್ಲಿ ಮುಳುಗಿ ಕುದಿದರೆ ಅದು ಒಡೆದು ಲಿನಲೂಲ್, ಅಸಿಟಿಕ್ ಆಮ್ಲ ಆಗುತ್ತದೆ. ಅಂದರೆ ಮೂರು ಗಂಟೆ ಕೂತು ನಾನೇ ದುಡ್ಡು ಕೊಟ್ಟು ವಿನಿಗರ್ ಮಾಡಿದ್ದೆ!

ಎರಡನೇ ಸಲ ಹೂವಿಗೆ ನೀರು ತಾಗಿಸಲಿಲ್ಲ. ಹಳೇ ಪ್ರೆಶರ್ ಡ್ರಮ್ಮಿಗೆ ಪೈಪ್ ವೆಲ್ಡ್ ಮಾಡಿಸಿ ಆವಿಯನ್ನು ಬೇರೆಯಾಗಿ ತಂದೆ. ವೆಲ್ಡಿಂಗಿಗೆ 3 ಸಾವಿರ ಹೋಯಿತು. ಹೂವನ್ನು ಜಾಲರಿ ಮೇಲೆ ಸಡಿಲವಾಗಿ ಹರಡಿದೆ. ಹರಡುವ ಮೊದಲು ಹೂವಿಗೆ ಒಂದು ಸಣ್ಣ ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮುಕ್ಕಾಲು ಗಂಟೆಗೆ ಬೆಂಕಿ ಎಳೆದೆ. ಹೆಚ್ಚಿನ ಎಣ್ಣೆ ಮೊದಲ ಅರ್ಧ ಗಂಟೆಯಲ್ಲೇ ಇಳಿಯುತ್ತದೆ. ಆಮೇಲೆ ಬರುವುದು ಕ್ಯಾರಿಯೊಫಿಲೀನ್‌ನಂಥ ಭಾರದ ಅಂಶಗಳೇ ಜಾಸ್ತಿ. ಈ ಸಲ 85 ಮಿಲಿ. ಲಿನಲೂಲ್ 34, ಅಸಿಟೇಟ್ 36. ರಿಪೋರ್ಟನ್ನು ಫ್ರೇಮ್ ಹಾಕಿಸೋಣವಾ ಅಂತಿದ್ದೆ, ಹೆಂಡತಿ ಬೈದಳು.

ನಡುವೆ ಒಂದು ಹುಚ್ಚಾಟ. ಕಾಮಕಸ್ತೂರಿಯಲ್ಲೂ ಲಿನಲೂಲ್ ಇದೆ ಅಲ್ವಾ, ಅಂಗಳದ್ದನ್ನೇ ಕೊಯ್ದು ಸೇರಿಸಿದರೆ ಖರ್ಚು ಉಳಿದೀತು ಅಂದುಕೊಂಡೆ. ಇಡೀ ಕೊಟ್ಟಿಗೆ ಬಡೇಸೋಂಪಿನ ವಾಸನೆ ಹೊಡೆಯಿತು! ಮತ್ತೊಮ್ಮೆ ಬೇರೆ ಕಡೆಯಿಂದ ಅರ್ಧ ಬೆಲೆಗೆ ಹೂ ತರಿಸಿದೆ. ಎಣ್ಣೆ ಭರ್ತಿ ಬಂತು, ಒಳಗೊಳಗೇ ಖುಷಿಪಟ್ಟೆ. ಟೆಸ್ಟ್ ಮಾಡಿಸಿದರೆ ಕರ್ಪೂರದ ಅಂಶವೇ ಶೇಕಡಾ 7. ಅದು ಲ್ಯಾವೆಂಡಿನ್, ಮಿಶ್ರತಳಿ. ಎಣ್ಣೆ ಜಾಸ್ತಿ, ಬೆಲೆ ಕಮ್ಮಿ. ಕೊಟ್ಟವರು ಫೋನ್ ಎತ್ತಲಿಲ್ಲ.

ಲೆಕ್ಕ ಹೇಳಬೇಕಾದರೆ, ಐದು ಕೆಜಿಯಿಂದ ಹತ್ತು ಮಿಲಿಯ ಎಂಟು ಕುಪ್ಪಿ. ಸೋಪು ಮಾಡುವವರು ಒಂದಕ್ಕೆ 650 ಕೊಡುತ್ತಾರೆ. ಹೂವಿನ ದುಡ್ಡು ಕಳೆದರೆ ಕೈಯಲ್ಲಿ ಉಳಿಯುವುದು ಏಳೆಂಟು ನೂರು. ಸೌದೆ ತೋಟದ್ದೇ. ಕುಪ್ಪಿಯನ್ನು ಕುತ್ತಿಗೆವರೆಗೆ ತುಂಬಿಸಿ, ಕತ್ತಲಲ್ಲಿಡಿ. ಅರ್ಧ ಖಾಲಿ ಕುಪ್ಪಿಯೊಂದನ್ನು ಕಿಟಕಿಯಲ್ಲಿ ಮರೆತಿದ್ದೆ, ಗಾಳಿಗೆ ಲಿನಲೂಲ್ ಕೆಟ್ಟು, ಎಣ್ಣೆ ತಾಗಿದ ಮುಂಗೈಗೆಲ್ಲ ತುರಿಕೆ ಬಂತು.

ಮೊನ್ನೆ ಅದೇ ಭಾವ ಮಂಡಿನೋವಿಗೆ ಒಂದು ಕುಪ್ಪಿ ಕೇಳಿಕೊಂಡು ಬಂದರು. ಕರ್ಪೂರದ ವಾಸನೆಯದ್ದನ್ನೇ ಕೊಟ್ಟೆ. "ಇದು ಒಳ್ಳೇ ಖಾರ ಉಂಟು" ಅಂತ ಹೊಗಳಿಕೊಂಡು ಹೋದರು.