ಸಿಮೆಂಟೋ, ಕಲ್ಲೋ: ಸೈಡ್‌ಟ್ರ್ಯಾಕ್ ಬಾವಿಯಲ್ಲಿ ನನ್ನ ಅನುಭವ

ಮುಂಬೈಗೆ ಪಶ್ಚಿಮದಲ್ಲಿ, ಅರಬ್ಬಿ ಸಮುದ್ರದ ಒಂದು ಜ್ಯಾಕಪ್ ರಿಗ್ಗಿನಲ್ಲಿ (ಸಮುದ್ರದ ತಳಕ್ಕೆ ಕಾಲೂರಿ ನಿಲ್ಲುವ, ಬಾವಿ ಕೊರೆಯುವ ಅಟ್ಟಣೆ) ನಾನು ಮಡ್ ಲಾಗಿಂಗ್ ಕೆಲಸದಲ್ಲಿದ್ದೆ. ಕೊರೆಯುವಾಗ ಬಾವಿಯಲ್ಲಿ ಹರಿಸುವ ಕೆಸರಿನಂಥ ದ್ರವವೇ ಮಡ್; ಅದರ ಜೊತೆ ಮೇಲೆ ಬರುವ ಕಲ್ಲಿನ ಚೂರುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಹದಿನಾಲ್ಕು ದಿನ ಸಮುದ್ರ, ಹದಿನಾಲ್ಕು ದಿನ ಮನೆ. 1974ರಲ್ಲಿ ಮುಂಬೈ ಹೈ ಎಣ್ಣೆ ಕ್ಷೇತ್ರ ಸಿಕ್ಕಾಗಿನಿಂದ ಈ ಕಡೆ ಎಣ್ಣೆ ಹೆಚ್ಚಾಗಿ ಸಿಕ್ಕಿರುವುದು ಸುಣ್ಣದಕಲ್ಲಿನಲ್ಲೇ. ನಮ್ಮ ಬಾವಿಯಲ್ಲೂ ಆ ಕಲ್ಲಿನ ಪದರ ಪೂರ್ತಿ ಎಣ್ಣೆಯೇ ಇತ್ತು, ನೀರು ಕಾಣಲೇ ಇಲ್ಲ. ಹಾಗಾದರೆ ಎಣ್ಣೆ ಎಷ್ಟು ಆಳದವರೆಗೆ ಇದೆ? ಅದು ಗೊತ್ತಾಗದೆ ಅಲ್ಲಿರುವ ಎಣ್ಣೆಯನ್ನು ಅಳೆಯುವುದು ಹೇಗೆ, ಅಲ್ವಾ? ಅದಕ್ಕೇ ಅದೇ ಪದರ ಇನ್ನೂ ಕೆಳಗಿರುವ ಕಡೆಗೆ ಸೈಡ್‌ಟ್ರ್ಯಾಕ್ (ಅದೇ ಬಾವಿಯಿಂದ ಪಕ್ಕಕ್ಕೆ ಕವಲೊಡೆಯುವ ಹೊಸ ತೂತು) ಕೊರೆಯುವುದೆಂದು ತೀರ್ಮಾನವಾಯಿತು. ಮೇಲಿನ ಕೇಸಿಂಗ್ (ಬಾವಿಯ ಗೋಡೆಗೆ ಇಳಿಸುವ ಉಕ್ಕಿನ ಕೊಳವೆ) ಮತ್ತೆ ಇಳಿಸಬೇಕಿಲ್ಲ. ಹಳೆಯ ತೂತಿಗೆ ಸಿಮೆಂಟ್ ತುಂಬಿ, ಅದರ ಪಕ್ಕದಿಂದ ಹೊರಗೆ ಹೋದರಾಯಿತು.

ಹಾಗೆ ತುಂಬಿದ ಮೊದಲ ಸಿಮೆಂಟ್ ಪ್ಲಗ್ ಕೈಕೊಟ್ಟಿತು. ರಿಗ್ಗಿನ ದಿನದ ಬಾಡಿಗೆ ದೊಡ್ಡದು, ಎಲ್ಲರಿಗೂ ಅವಸರ. ಸಿಮೆಂಟ್ ಪೂರ್ತಿ ಗಟ್ಟಿಯಾಗುವ ಮೊದಲೇ ಬಿಟ್ (ಕಲ್ಲು ಕೊರೆಯುವ ಮೊನೆ) ಇಳಿಸಿದೆವು. ಮೆತ್ತಗಿನ ಸಿಮೆಂಟನ್ನು ಕೊರೆದುಕೊಂಡು ಅದು ಹಳೆಯ ದಾರಿಯಲ್ಲೇ ಇಳಿಯಿತು. ಎರಡನೇ ಸಲ ಕಡಿಮೆ ನೀರಿನ, ಭಾರದ ಸಿಮೆಂಟ್ ಹಾಕಿ ಪೂರ್ತಿ 24 ಗಂಟೆ ಕಾದೆವು. ಬಿಟ್ಟಿನ ಮೇಲೆ ಭಾರ ಬಿಟ್ಟು ನೋಡಿದರು. ಸಿಮೆಂಟ್ ಕದಲಲಿಲ್ಲ.

ಆಮೇಲಿನ ರಾತ್ರಿ ನನ್ನ ಪಾಳಿ. ಬಿಟ್ಟನ್ನು ತಿರುಗಿಸುವ ಬಾಗಿದ ಮೋಟರ್ ಒಂದೇ ದಿಕ್ಕಿಗೆ ಮುಖಮಾಡಿತ್ತು. ಗಂಟೆಗೆ ಒಂದೇ ಮೀಟರ್. ಬಿಟ್ ಕಲ್ಲನ್ನು ಕಚ್ಚಿತೋ ಇಲ್ಲವೋ ಎಂದು ಶೇಕರ್ (ಮಡ್ ಸೋಸುವ, ಅಲುಗಾಡುವ ಜರಡಿ) ಮೇಲೆ ಬರುವ ಚೂರುಗಳೇ ಹೇಳಬೇಕು. ಬುಡದಿಂದ ಅವು ಮೇಲೆ ಬರಲು ಮುಕ್ಕಾಲು ಗಂಟೆ. ಇಲ್ಲಿ ಸಿಮೆಂಟೂ ಬೂದು, ಕಲ್ಲೂ ಬೂದು. ಆಸಿಡ್ ಹಾಕಿದರೆ ಸುಣ್ಣದಕಲ್ಲು ಜೋರಾಗಿ ನೊರೆಯುತ್ತದೆ, ಸಿಮೆಂಟೂ ಸ್ವಲ್ಪ ನೊರೆಯುತ್ತದೆ. ನಾನು ಅದನ್ನು ನಂಬಲಿಲ್ಲ, ಫಿನಾಲ್ಫ್ತಲೀನ್ ಬಾಟಲಿ ತೆಗೆದೆ. ಕ್ಷಾರ ತಾಗಿದರೆ ಬಣ್ಣ ಬದಲಿಸುವ ದ್ರವ ಅದು.

ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಆರತಿ ನೀರು ಕೆಂಪಾಗುತ್ತದಲ್ಲ, ಇದೂ ಹಾಗೆಯೇ. ಸಿಮೆಂಟಿನಲ್ಲಿ ಸುಣ್ಣದ ಕ್ಷಾರ ಉಳಿದಿರುತ್ತದೆ, ಹನಿ ಬಿದ್ದರೆ ಗುಲಾಬಿಯಾಗುತ್ತದೆ. ಕಲ್ಲು ಬಣ್ಣ ಬದಲಿಸುವುದಿಲ್ಲ. ಆದರೆ ಒಂದು ಎಚ್ಚರ ಬೇಕು: ಕೊರೆಯುವ ಮಡ್‌ಗೂ ಕ್ಷಾರ ಇರುತ್ತದೆ. ಚೂರುಗಳನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಕಲ್ಲೂ ಗುಲಾಬಿಯಾಗಿ ಕಂಡು ಮೋಸವಾಗುತ್ತದೆ. ನಾನು ಎರಡು ಸಲ ತೊಳೆದು, ಚೂರನ್ನು ಮುರಿದು, ಒಳಗಿನ ಮುಖಕ್ಕೆ ಹನಿ ಹಾಕುತ್ತಿದ್ದೆ.

ಮೊದಲ ಮೂರು ಸ್ಯಾಂಪಲ್ ಪೂರ್ತಿ ಗುಲಾಬಿ. ಡ್ರಿಲ್ಲರ್ ಅರ್ಧ ಗಂಟೆಗೊಮ್ಮೆ ಫೋನ್ ಮಾಡಿ “ಬಣ್ಣ ಏನು?” ಎನ್ನುತ್ತಿದ್ದರು. ನಾಲ್ಕನೆಯದರಲ್ಲಿ ಹತ್ತರಲ್ಲಿ ಎರಡು ಚೂರು ಬೂದಾಗಿಯೇ ಉಳಿದವು. ಆಮೇಲೆ ಐದು, ಆಮೇಲೆ ಎಂಟು. ಬೆಳಗಿನ ಜಾವ ಒಂದು ತಟ್ಟೆಯಲ್ಲಿ ಗುಲಾಬಿಯೇ ಇರಲಿಲ್ಲ. ಫೋನ್ ಎತ್ತಿ “ಪೂರ್ತಿ ಕಲ್ಲು” ಎಂದೆ. ಆದರೂ ಇನ್ನೆರಡು ಮೀಟರ್ ಅದೇ ನಿಧಾನದಲ್ಲಿ ಹೋದೆವು.

ಮುಂದಿನ ಕೊರೆತ ಸಲೀಸು. ಗುರಿ ಮುಟ್ಟಿದ ಮೇಲೆ ಉಪಕರಣ ಇಳಿಸಿ ಪದರದ ಒತ್ತಡವನ್ನು ಬೇರೆ ಬೇರೆ ಆಳದಲ್ಲಿ ಅಳೆದರು. ಎಣ್ಣೆಯಲ್ಲಿ ಪ್ರತಿ ಮೀಟರ್ ಆಳಕ್ಕೆ ಒತ್ತಡ ಸುಮಾರು 1.1 ಪಿಎಸ್‌ಐ ಏರುತ್ತದೆ, ನೀರಿನಲ್ಲಿ ಸುಮಾರು 1.4. ಚುಕ್ಕೆಗಳನ್ನು ಹಾಳೆಯಲ್ಲಿ ಇಟ್ಟು ಮೇಲಿನವಕ್ಕೆ ಒಂದು ಗೆರೆ, ಕೆಳಗಿನವಕ್ಕೆ ಇನ್ನೊಂದು ಗೆರೆ ಎಳೆದೆವು. ಎರಡೂ ಕೂಡಿದ ಆಳದಲ್ಲೇ ಎಣ್ಣೆ ಮುಗಿದು ನೀರು ಶುರುವಾಗಿತ್ತು.