ಫ್ಯಾನ್ ತಿರುಗುತ್ತಿದೆ, ಸ್ಕ್ರೀನ್ ಕಪ್ಪು: ಹಳೇ ಲ್ಯಾಪ್‌ಟಾಪನ್ನು ಎಸೆಯುವ ಮುಂಚೆ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಒಂಬತ್ತು ವರ್ಷದ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಕಪ್ಪಾಗಿ ಕೂತಿತು. ಬಟನ್ ಒತ್ತಿದರೆ ಲೈಟ್ ಬರುತ್ತಿತ್ತು, ಫ್ಯಾನ್ ಸದ್ದೂ ಕೇಳುತ್ತಿತ್ತು. ಸ್ಕ್ರೀನ್ ಮೇಲೆ ಮಾತ್ರ ಏನೂ ಇಲ್ಲ. ಒಂದು ರಿಪೇರಿ ಅಂಗಡಿಯಲ್ಲಿ ಎರಡು ನಿಮಿಷ ನೋಡಿ, ‘ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ’ ಎಂದರು. ಅಪ್ಪನ ಫೋಟೊಗಳೆಲ್ಲ ಅದರಲ್ಲೇ ಇದ್ದವು. ಮನಸ್ಸು ಒಪ್ಪಲಿಲ್ಲ. ವಾಪಸ್ ತಂದು ಮನೆಯಲ್ಲೇ ಬಿಚ್ಚಿ ನೋಡಿದೆ. ಕೊನೆಗೆ ಅದನ್ನು ಎಬ್ಬಿಸಿದ್ದು ಮಕ್ಕಳ ಪೆನ್ಸಿಲ್ ಬಾಕ್ಸಿನ ರಬ್ಬರ್. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಒಂದು ಎಚ್ಚರಿಕೆ ಮೊದಲು. ಲ್ಯಾಪ್‌ಟಾಪ್ ತಳ ಉಬ್ಬಿದೆಯಾ, ಟಚ್‌ಪ್ಯಾಡ್ ಮೇಲೆದ್ದಿದೆಯಾ ನೋಡಿ. ಹಾಗಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಚಾರ್ಜಿಗೆ ಹಾಕಬೇಡಿ, ನೀವೇ ಬಿಚ್ಚಲೂ ಬೇಡಿ. ನೇರವಾಗಿ ಗೊತ್ತಿರುವವರ ಕೈಗೆ ಕೊಡಿ.

<b>ಎಲ್ಲಿಯವರೆಗೆ ಜೀವ ಇದೆ?</b>

ಆನ್ ಮಾಡಿ ಒಂದು ನಿಮಿಷ ಕಾಯಿರಿ. ಆಮೇಲೆ ಕ್ಯಾಪ್ಸ್ ಲಾಕ್ ಕೀ ಒತ್ತಿ. ಅದರ ಪುಟ್ಟ ಲೈಟ್ ಒತ್ತಿದಂತೆಲ್ಲ ಹತ್ತಿ ಆರಿದರೆ ಖುಷಿಪಡಿ. ಒಳಗೆ ಯಂತ್ರ ಕೆಲಸ ಮಾಡುತ್ತಿದೆ, ತೊಂದರೆ ಬಹುಶಃ ಸ್ಕ್ರೀನ್ ಕಡೆಗಿದೆ. ಲೈಟ್ ಅಲುಗದಿದ್ದರೆ ರ‍್ಯಾಮ್ (ತಾತ್ಕಾಲಿಕ ಮೆಮೊರಿಯ ಪುಟ್ಟ ಪಟ್ಟಿ) ಅಥವಾ ಬೋರ್ಡ್ ಮೇಲೆ ಅನುಮಾನ. ಯಾವ ಲೈಟೂ ಬರದಿದ್ದರೆ ಬೇರೆ ಪ್ಲಗ್ ಪಾಯಿಂಟ್, ಸಾಧ್ಯವಾದರೆ ಅದೇ ಮಾದರಿಯ ಬೇರೆ ಚಾರ್ಜರ್ ಹಾಕಿ ನೋಡಿ.

ಕಂಪನಿಯ ಲೋಗೊ ಬಂದು ಆಮೇಲೆ ಕಪ್ಪಾಗುತ್ತದೆಯೇ? ಹಾಗಾದರೆ ಸ್ಕ್ರೀನ್ ಬಹುಶಃ ಚೆನ್ನಾಗಿಯೇ ಇದೆ, ಗಲಾಟೆ ವಿಂಡೋಸ್‌ನದು. ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ, ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿ. ಸ್ಕ್ರೀನಿಗೆ ಚಿತ್ರ ಕಳಿಸುವ ಸಾಫ್ಟ್‌ವೇರ್, ಅಂದರೆ ಗ್ರಾಫಿಕ್ಸ್ ಡ್ರೈವರ್, ಹೊಸದಾಗಿ ಶುರುವಾಗುತ್ತದೆ. ಬ್ರೈಟ್‌ನೆಸ್ ಕೀಯನ್ನೂ ಒತ್ತಿ ನೋಡಿ. ಸೊನ್ನೆಗೆ ಇಳಿದಿದ್ದ ಬ್ರೈಟ್‌ನೆಸ್‌ನಿಂದ ಗಾಬರಿಯಾದವರು ಬಹಳ ಜನ.

ಯಾವುದೂ ಆಗಲಿಲ್ಲವೇ? ಚಾರ್ಜರ್ ತೆಗೆಯಿರಿ. ಹೊರಗಿನಿಂದಲೇ ಬ್ಯಾಟರಿ ಬಿಡಿಸಬಹುದಾದರೆ ಅದನ್ನೂ ತೆಗೆಯಿರಿ. ಪೆನ್ ಡ್ರೈವ್, ಮೌಸ್ ಏನೂ ಇರಬಾರದು. ಪವರ್ ಬಟನ್ನನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಬರೀ ಚಾರ್ಜರ್ ಹಾಕಿ ಆನ್ ಮಾಡಿ. ಸುಲಭದ ಕೆಲಸ ಅಂತ ಬಿಡಬೇಡಿ, ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

<b>ಟಾರ್ಚ್ ಮತ್ತು ಟಿವಿ</b>

ಕೋಣೆಯ ದೀಪ ಆರಿಸಿ. ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ, ಹತ್ತಿರದಿಂದ ಹಿಡಿಯಿರಿ. ಮಸುಕಾಗಿ ಅಕ್ಷರವೋ ಚಿತ್ರವೋ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ.

ನಂತರ ಎಚ್‌ಡಿಎಂಐ ಕೇಬಲ್ ಹಾಕಿ ಮನೆಯ ಟಿವಿಗೆ ಜೋಡಿಸಿ. ಟಿವಿಯಲ್ಲಿ ಆ ಪೋರ್ಟನ್ನೇ ಆರಿಸಿ, ವಿಂಡೋಸ್ ಜೊತೆ ಪಿ ಒತ್ತಿ. ಟಿವಿಯಲ್ಲಿ ಚಿತ್ರ ಬಂದರೆ ಮೊದಲು ಫೋಟೊ, ಕಾಗದಪತ್ರಗಳನ್ನು ಕಾಪಿ ಮಾಡಿಕೊಳ್ಳಿ. ರಿಪೇರಿ ಆಮೇಲೆ.

ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಮಾಡಿದಾಗ ಚಿತ್ರ ಬಂದು ಹೋಗುತ್ತದೆಯೇ? ಸ್ಕ್ರೀನಿಗೆ ಹೋಗುವ ಕೇಬಲ್ ಕೀಲಿನ ಪಕ್ಕದಲ್ಲೇ ಹಾದುಹೋಗುತ್ತದೆ. ವರ್ಷಗಟ್ಟಲೆ ತೆರೆದು ಮುಚ್ಚಿ ಅದು ಸವೆಯುತ್ತದೆ. ಹಾಗಿದ್ದರೆ ಪ್ಯಾನೆಲ್ ಬದಲಿಸುವ ಅಗತ್ಯವೇ ಇಲ್ಲದಿರಬಹುದು.

<b>ರಬ್ಬರಿನ ಕೆಲಸ</b>

ಕ್ಯಾಪ್ಸ್ ಲಾಕ್ ಅಲುಗದಿದ್ದರೆ, ಟಿವಿಯಲ್ಲೂ ಏನೂ ಬಾರದಿದ್ದರೆ ರ‍್ಯಾಮ್ ನೋಡಬೇಕು. ನಮ್ಮಲ್ಲಿ ಆಗಿದ್ದೂ ಇದೇ. ಅದರ ಚಿನ್ನದ ಬಣ್ಣದ ಅಂಚಿನ ಮೇಲೆ ದೂಳು, ಕೊಳೆ ಕೂತರೆ ಸಂಪರ್ಕ ತಪ್ಪುತ್ತದೆ. ಆಗ ಯಂತ್ರ ಚಿತ್ರ ತೋರಿಸುವ ಹಂತಕ್ಕೇ ಬರುವುದಿಲ್ಲ.

ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆಯಿರಿ. ಬ್ಯಾಟರಿ ಒಳಗೆ ಇದ್ದರೆ ಅದರ ಕನೆಕ್ಟರ್ ಬಿಡಿಸಬೇಕು. ಅದಕ್ಕೆ ಧೈರ್ಯ ಬರದಿದ್ದರೆ ಇಲ್ಲಿಗೇ ನಿಲ್ಲಿಸಿ. ಮೈಯಲ್ಲಿರುವ ಸ್ಟ್ಯಾಟಿಕ್ ಹೋಗಲು ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಮುಟ್ಟಿ. ಹಳೆಯ ಮಾದರಿಗಳಲ್ಲಿ ಹೆಚ್ಚಾಗಿ ರ‍್ಯಾಮ್ ತಳದಲ್ಲಿ ಒಂದೆರಡು ಸ್ಕ್ರೂ ಇರುವ ಪುಟ್ಟ ಮುಚ್ಚಳದ ಕೆಳಗೇ ಇರುತ್ತದೆ. ರ‍್ಯಾಮ್‌ನ ಎರಡೂ ಬದಿಯ ಕ್ಲಿಪ್ಪನ್ನು ಹೊರಕ್ಕೆ ಸರಿಸಿ. ಅದು ತಾನಾಗಿ ಓರೆಯಾಗಿ ಏಳುತ್ತದೆ. ಅಂಚು ಹಿಡಿದು ಎಳೆಯಿರಿ, ಚಿನ್ನದ ಭಾಗ ಮುಟ್ಟಬೇಡಿ.

ಮೆತ್ತನೆಯ ಬಿಳಿ ರಬ್ಬರಿನಿಂದ ಆ ಭಾಗವನ್ನು ಎರಡೂ ಕಡೆ ಹಗುರವಾಗಿ ಉಜ್ಜಿ. ಪುಡಿಯನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲಿನ ತೇವ ತಾಗುತ್ತದೆ. ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಕ್ಲಿಕ್ ಅನ್ನುವ ತನಕ ಕೆಳಕ್ಕೆ ಒತ್ತಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ, ಒಂದೊಂದು ಸ್ಲಾಟಿನಲ್ಲೂ ಹಾಕಿ ಪರೀಕ್ಷಿಸಿ. ಒಂದು ಕೆಟ್ಟಿದ್ದರೂ ಇನ್ನೊಂದರಲ್ಲಿ ಲ್ಯಾಪ್‌ಟಾಪ್ ನಡೆಯುತ್ತದೆ. ಮೊದಲ ಸಲ ಆನ್ ಆಗಲು ಹೊತ್ತು ಹಿಡಿಯಬಹುದು. ಎರಡು ನಿಮಿಷ ಸುಮ್ನೆ ಬಿಡಿ. ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಲ್ಲಿ ಈ ದಾರಿ ಇಲ್ಲ.

<b>ಅಂಗಡಿಗೆ ಹೋಗುವುದಾದರೆ</b>

ಸ್ಕ್ರೀನ್ ಸತ್ತರೂ ಡಿಸ್ಕ್ ಬದುಕಿರುತ್ತದೆ, ಅಲ್ವಾ? ಎರಡೂವರೆ ಇಂಚಿನ ಡಿಸ್ಕ್ ಆಗಿದ್ದರೆ ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಮಾತ್ರ ಅದನ್ನು ತೆರೆಯುವ ರಿಕವರಿ ಕೀ ಬೇಕು. ಅಂಗಡಿಗೆ ಕೊಡುವ ಮುಂಚೆ ಈ ಕೆಲಸ ಮುಗಿಸಿಕೊಳ್ಳಿ.

ಬೆಂಗಳೂರಿನಲ್ಲಿ ಬಿಡಿಭಾಗ ಅಂದರೆ ಎಸ್.ಪಿ. ರಸ್ತೆ, ಅಂದರೆ ಸಾದರ್ ಪತ್ರಪ್ಪ ರಸ್ತೆ. ಬರೀ ಮಾಡೆಲ್ ಹೆಸರು ಹೇಳಿದರೆ ಸಾಲದು. ಪ್ಯಾನೆಲ್ ಬಿಚ್ಚಿದ್ದರೆ ಹಿಂದಿನ ಸ್ಟಿಕರಿನ ಫೋಟೊ ತೆಗೆದುಕೊಂಡು ಹೋಗಿ. ಕೇಬಲ್ ಕೂಡುವ ಜಾಗ 30 ಪಿನ್ನೋ 40 ಪಿನ್ನೋ ನೋಡಿ, ಅದು ತಪ್ಪಿದರೆ ಸ್ಕ್ರೀನ್ ಕೂಡುವುದಿಲ್ಲ. ಎರಡು ಮೂರು ಅಂಗಡಿಯಲ್ಲಿ ರೇಟ್ ಕೇಳಿ. ಟಾರ್ಚ್ ಹಿಡಿದಾಗ ಏನು ಕಂಡಿತು, ಟಿವಿಯಲ್ಲಿ ಚಿತ್ರ ಬಂತೋ ಇಲ್ಲವೋ, ಎಲ್ಲ ಬಾಯಿಬಿಟ್ಟು ಹೇಳಿ. ನಿಮ್ಮೆದುರಿಗೇ ಜೋಡಿಸಿ, ಆನ್ ಮಾಡಿ ತೋರಿಸಲಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದುಕೊಂಡು, ಆಮೇಲೆ ದುಡ್ಡು ಕೊಡಿ.