ಚಿಪ್ ಅಳಿಸುವ ಮುಂಚೆ ವೋಲ್ಟೇಜ್ ಅಳೆಯಿರಿ

ಹಳೆಯ ಬೋರ್ಡ್‌ ರಿಪೇರಿ ನನ್ನ ಹವ್ಯಾಸ. ಹಾಗಾಗಿ ಕೈಗೆ ಬರುವುದು ಹೆಚ್ಚಾಗಿ ಎರಡು ಬಗೆಯ ಮೆಮೊರಿ ಚಿಪ್: ಬೆನ್ನ ಮೇಲೆ ಗಾಜಿನ ಕಿಟಕಿ ಇರುವ, ಬೆಳಕಿನಿಂದ ಅಳಿಸುವ ಇಪ್ರಾಮ್, ಮತ್ತೆ ವಿದ್ಯುತ್ತಿನಿಂದಲೇ ಅಳಿಸುವ ಎಂಟು ಕಾಲಿನ ಪುಟ್ಟ ಫ್ಲ್ಯಾಶ್. ಅಳಿಸುವ ಕೆಲಸಕ್ಕಿಂತ ಅದಕ್ಕೆ ಮುಂಚಿನ ತಯಾರಿಗೇ ನಾನು ಜಾಸ್ತಿ ಹೊತ್ತು ಕೊಡುತ್ತೇನೆ.

ಹೊಸ ಪ್ರೋಗ್ರಾಮರ್ (ಚಿಪ್ ಓದುವ, ಬರೆಯುವ ಸಾಧನ) ಬಂದರೆ ಕೂಡಲೇ ಚಿಪ್ ಹಾಕುವುದಿಲ್ಲ. ಖಾಲಿ ಸಾಕೆಟ್‌ನ ಒಂದೊಂದೇ ಪಿನ್ ಅನ್ನು ಮಲ್ಟಿಮೀಟರ್‌ನಲ್ಲಿ ಗ್ರೌಂಡ್‌ಗೆ ಹೋಲಿಸಿ ಅಳೆಯುತ್ತೇನೆ. ಅಗ್ಗದ ಕೆಲವು ಯುಎಸ್‌ಬಿ ಪ್ರೋಗ್ರಾಮರ್‌ಗಳಲ್ಲಿ ಸಪ್ಲೈ ಪಿನ್ 3.3 ವೋಲ್ಟ್ ತೋರಿಸುತ್ತದೆ, ಡೇಟಾ ಪಿನ್‌ಗಳು ಮಾತ್ರ 5 ವೋಲ್ಟ್! ಹೆಸರಿನಲ್ಲಿ 25 ಇರುವ ಸರಣಿಯ ಫ್ಲ್ಯಾಶ್‌ಗಳಲ್ಲಿ ಹೆಚ್ಚಿನವು 3.3 ವೋಲ್ಟ್‌ನವು, ಕೆಲವು 1.8ರವು. ಹೆಸರಿನ ಕೊನೆಯ ಒಂದೆರಡು ಅಕ್ಷರದಲ್ಲಷ್ಟೇ ವ್ಯತ್ಯಾಸ ಇರಬಹುದು. ಡೇಟಾಶೀಟ್ (ತಯಾರಕರು ಕೊಡುವ ವಿವರಪಟ್ಟಿ) ತೆರೆದು ನೋಡದೆ ಸುಮ್ನೆ ಅಂದಾಜಿನಲ್ಲಿ ಹಾಕಬೇಡಿ. ಇಪ್ರಾಮ್‌ನ ಕಥೆಯೂ ಅದೇ. ಹಳೆಯ 2716ಕ್ಕೆ ಬರೆಯುವಾಗ 25 ವೋಲ್ಟ್ ಬೇಕು, 27ಸಿ256ಕ್ಕೆ 13ರ ಆಸುಪಾಸು ಸಾಕು. ಈ 27ಸಿ256ಕ್ಕೂ 25 ಕೊಟ್ಟರೆ ಚಿಪ್ ಸುಟ್ಟಿತು ಅಂತಲೇ ಲೆಕ್ಕ.

ಚಿಪ್ ಕೂರಿಸುವಾಗ ಒಂದನೇ ಪಿನ್ನಿನ ಗುರುತು ನೋಡಿಕೊಳ್ಳುತ್ತೇನೆ. ಕೈಗೆ ಆಂಟಿಸ್ಟ್ಯಾಟಿಕ್ ಪಟ್ಟಿ (ಮೈಯ ಸ್ಥಿರ ವಿದ್ಯುತ್ತನ್ನು ನೆಲಕ್ಕಿಳಿಸುವುದು) ಇದ್ದೇ ಇರುತ್ತದೆ. ಆಮೇಲೆ ಚಿಪ್‌ನಲ್ಲಿರುವುದನ್ನು ಎರಡು ಸಲ ಓದಿ, ಆ ಎರಡು ಫೈಲ್ ಹೋಲಿಸುತ್ತೇನೆ. ಒಂದೇ ಬೈಟ್ ಬೇರೆಯಾದರೂ ಸಂಪರ್ಕ ಸರಿಯಿಲ್ಲ ಅಂತಲೇ ಅರ್ಥ. ಇಡೀ ಫೈಲ್ ಎಫ್‌ಎಫ್ (ಖಾಲಿ ಬೈಟ್‌ನ ಬೆಲೆ) ಬಂದರೆ ಖಾಲಿ ಚಿಪ್ ಅಂದುಕೊಳ್ಳಬೇಡಿ, ಚಿಪ್‌ನ ಕಾಲುಗಳನ್ನು ಹಿಡಿಯುವ ಕ್ಲಿಪ್ ಸರಿಯಾಗಿ ಕಚ್ಚಿಲ್ಲದಿದ್ದರೂ ಹಾಗೇ ಬರುತ್ತದೆ. ಚಿಪ್‌ನ ಐಡಿ (ಅದು ಯಾವ ಚಿಪ್ ಎಂದು ಹೇಳುವ ಸಂಖ್ಯೆ) ಸರಿಯಾಗಿ ಬಂತಾ ಅಂತ ಮೊದಲು ನೋಡಿ.

ಇಪ್ರಾಮ್ ಅಳಿಸಲು 253.7 ನ್ಯಾನೋಮೀಟರ್ ತರಂಗಾಂತರದ ಯುವಿ (ನೇರಳಾತೀತ) ದೀಪವೇ ಬೇಕು. ಉಗುರಿನ ಬಣ್ಣ ಒಣಗಿಸುವ, ನೋಟು ಪರೀಕ್ಷಿಸುವ ನೇರಳೆ ದೀಪಗಳಿಂದ ಆಗದು. ಕಿಟಕಿಯ ಮೇಲಿನ ಲೇಬಲ್ ತೆಗೆದು, ಅಂಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಪೂರ್ತಿ ಒರೆಸಬೇಕು. ಅಂಟಿನ ಪೊರೆ ಉಳಿದರೆ ಬೆಳಕು ಒಳಗೆ ಹೋಗುವುದಿಲ್ಲ. ದೀಪದಿಂದ ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿಟ್ಟರೆ ಸಾಮಾನ್ಯವಾಗಿ 15ರಿಂದ 20 ನಿಮಿಷ. ದೀಪ ಹಳೆಯದಾದರೆ ಇನ್ನೂ ಹೊತ್ತು ಬೇಕು. ಖಾಲಿಯಾಗಿದೆ ಅಂತ ಪ್ರೋಗ್ರಾಮರ್‌ನ ಬ್ಲ್ಯಾಂಕ್ ಚೆಕ್ ಹೇಳಿದ ಮೇಲೂ ಇನ್ನಷ್ಟು ಹೊತ್ತು ಇಡುತ್ತೇನೆ. ಅರೆಬರೆ ಅಳಿದ ಬಿಟ್‌ಗಳು 5 ವೋಲ್ಟ್‌ನಲ್ಲಿ ಖಾಲಿ ಅನ್ನಿಸಿ, ವೋಲ್ಟೇಜ್ ಸ್ವಲ್ಪ ಇಳಿದಾಗ ಮತ್ತೆ ತಲೆ ಎತ್ತಬಹುದು.

ಈ ಬೆಳಕು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು. ಉರಿ ಗೊತ್ತಾಗುವುದು ಎಷ್ಟೋ ಗಂಟೆಯ ಮೇಲೆ. ಮುಚ್ಚಳ ತೆಗೆದ ಕೂಡಲೇ ದೀಪ ಆರುವ ಸ್ವಿಚ್ ಇಲ್ಲದ ಪೆಟ್ಟಿಗೆಯನ್ನು ನಾನು ಬಳಸುವುದಿಲ್ಲ. ಕಿಟಕಿಯೇ ಇಲ್ಲದ ಪ್ಲಾಸ್ಟಿಕ್ 27ಸಿ ಚಿಪ್‌ಗಳನ್ನು ಅಳಿಸುವ ಆಸೆ ಬಿಡಿ, ಅವಕ್ಕೆ ಒಂದೇ ಸಲ ಬರೆಯಲು ಸಾಧ್ಯ.

ಫ್ಲ್ಯಾಶ್ ಅಳಿಸಲು ಪ್ರೋಗ್ರಾಮರ್‌ನ ಸಾಫ್ಟ್‌ವೇರ್‌ನಲ್ಲಿ ಒಂದು ಬಟನ್ ಸಾಕು. ಅಷ್ಟಾದರೂ ಹಳೆಯ ಡೇಟಾ ಹಾಗೇ ಇದ್ದರೆ ಸ್ಟೇಟಸ್ ರಿಜಿಸ್ಟರ್‌ನ (ಚಿಪ್ ತನ್ನ ಸ್ಥಿತಿ ಇಟ್ಟುಕೊಳ್ಳುವ ಜಾಗ) ಬಿಪಿ, ಅಂದರೆ ಬ್ಲಾಕ್ ಪ್ರೊಟೆಕ್ಟ್, ಬಿಟ್‌ಗಳನ್ನು ನೋಡಿ. ಅವು ಬರೆಯದಂತೆ, ಅಳಿಸದಂತೆ ಹಾಕಿದ ಬೀಗ. ಅವನ್ನು ಸೊನ್ನೆ ಮಾಡಿ ಮತ್ತೆ ಅಳಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ.